ಗೋತ್ರ ಬೇರೆಯಾದರೂ ಜೀನ್ ಒಂದೇ: ಮಕ್ಕಳ ಮಿದುಳಿನ ಆನುವಂಶಿಕ ಕಾಯಿಲೆಗಳು ಮತ್ತು ಸಮುದಾಯದೊಳಗಿನ ವಿವಾಹ

ವಧು-ವರ ಸಮಾವೇಶಗಳಲ್ಲಿ ಕೊಡುವ ಮಾಹಿತಿ ಪತ್ರದಲ್ಲಿ ಗೋತ್ರ, ನಕ್ಷತ್ರ, ರಾಶಿ, ಎತ್ತರ, ಓದು, ಉದ್ಯೋಗ, ಆದಾಯ ಎಲ್ಲಕ್ಕೂ ಜಾಗವಿರುತ್ತದೆ. ಮನೆತನದಲ್ಲಿ ಯಾವುದಾದರೂ ಮಗು ನಡೆಯಲಾರದೆ, ಮಾತು ಬಾರದೆ, ಫಿಟ್ಸ್ ಬಂದು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿತ್ತೇ ಎಂಬ ಪ್ರಶ್ನೆಗೆ ಜಾಗವಿರುವುದಿಲ್ಲ. ಕೇಳಿದರೂ ಯಾರೂ ಬರೆಯುವುದಿಲ್ಲ. ಬರೆದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಅಂಜಿಕೆ. ಆದರೆ ಕಳೆದ ಮೂವತ್ತು-ನಲವತ್ತು ವರ್ಷಗಳಲ್ಲಿ ಮಕ್ಕಳ ಕಾಯಿಲೆಗಳ ಬಗ್ಗೆ ನಡೆದಿರುವ ಜೀನ್ ಸಂಶೋಧನೆಯಲ್ಲಿ ಈ ಮುಚ್ಚಿಟ್ಟ ಮಾತಿಗೇ ಹೆಚ್ಚಿನ ಬೆಲೆ. ಅದರಲ್ಲಿ ಒಂದು ಸಂಶೋಧನೆ ನಮ್ಮ ದೇಶದ್ದೇ, ವ್ಯಾಪಾರಸ್ಥ ಸಮುದಾಯವೊಂದಕ್ಕೆ ಸಂಬಂಧಿಸಿದ್ದು. ಜೈನ ಮನೆತನಗಳೂ ಆ ಸಮುದಾಯದಲ್ಲಿ ಸೇರಿವೆ.

ಅಗರವಾಲರಲ್ಲಿ ಕಂಡ ಕಾಯಿಲೆ

ಮುಂಬೈನ ಬಾಂಬೆ ಹಾಸ್ಪಿಟಲ್‌ನ ನರರೋಗ ತಜ್ಞರಾದ ಡಾ. ಬಿ. ಎಸ್. ಸಿಂಘಾಲ್ ಅವರು ಒಂದೇ ಬಗೆಯ ತೊಂದರೆ ಇರುವ ಮಕ್ಕಳನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಹುಟ್ಟಿದಾಗ ಮಗು ಸರಿಯಾಗೇ ಇರುತ್ತದೆ. ಮೊದಲ ವರ್ಷದೊಳಗೆ ತಲೆ ಅಳತೆ ಮೀರಿ ದೊಡ್ಡದಾಗುತ್ತದೆ. ಕೂರುವುದು, ನಡೆಯುವುದು ಸ್ವಲ್ಪ ತಡ. ಆದರೂ ಮಗು ನಡೆಯುತ್ತದೆ, ಮಾತಾಡುತ್ತದೆ, ಶಾಲೆಗೂ ಹೋಗುತ್ತದೆ. ಕೆಲವು ವರ್ಷಗಳ ನಂತರ ನಡಿಗೆ ತಡವರಿಸುತ್ತದೆ, ಕಾಲು ಬಿಗಿಯುತ್ತದೆ, ಫಿಟ್ಸ್ ಬರುತ್ತದೆ. ಆಟವಾಡುವಾಗ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಪರಿಸ್ಥಿತಿ ಒಮ್ಮೆಲೇ ಕೆಡಬಹುದು. ವಿಚಿತ್ರವೆಂದರೆ ಎಂ.ಆರ್.ಐ. ನೋಡಿದರೆ ಮಿದುಳಿನ ಬಿಳಿ ಭಾಗವೆಲ್ಲ ಊದಿಕೊಂಡು, ಅಲ್ಲಲ್ಲಿ ನೀರುಗುಳ್ಳೆಗಳಾಗಿರುತ್ತವೆ. ಚಿತ್ರ ನೋಡಿದವರು ಈ ಮಗು ಹಾಸಿಗೆ ಹಿಡಿದಿರಬೇಕು ಎಂದುಕೊಳ್ಳುತ್ತಾರೆ. ಆ ಹೊತ್ತಿಗೆ ಮಗು ವೈದ್ಯರ ಕೋಣೆಯಲ್ಲಿ ಓಡಾಡುತ್ತಿರುತ್ತದೆ.

ಡಾ. ಸಿಂಘಾಲ್ ಮತ್ತು ಅವರ ಜೊತೆಯವರು 1991ರಲ್ಲಿ ಈ ಮಕ್ಕಳ ಬಗ್ಗೆ ವೈದ್ಯರ ಸಮ್ಮೇಳನದಲ್ಲಿ ಹೇಳಿದರು. ಈ ಕುಟುಂಬಗಳಲ್ಲಿ ಬಹುತೇಕ ಎಲ್ಲವೂ ಅಗರವಾಲ ಸಮುದಾಯದವು ಎಂಬುದನ್ನು ಗುರುತಿಸಿದ್ದೇ ಅವರ ದೊಡ್ಡ ಕೆಲಸ. 1995ರಲ್ಲಿ ನೆದರ್ಲೆಂಡ್ಸ್‌ನ ಡಾ. ಮಾರ್ಯೊ ವಾನ್ ಡೆರ್ ನಾಪ್ ಅವರು ಎಂಟು ಮಕ್ಕಳಲ್ಲಿ ಇದೇ ಕಾಯಿಲೆಯನ್ನು ವಿವರಿಸಿದರು. ಹಾಗಾಗಿ ಇದನ್ನು ಕೆಲವರು ವಾನ್ ಡೆರ್ ನಾಪ್ ಕಾಯಿಲೆ ಎಂದರೆ, ಕೆಲವರು ಸಿಂಘಾಲ್ ಅವರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ವೈದ್ಯರ ಕಡತದಲ್ಲಿ ಚಿಕ್ಕ ಹೆಸರು ಎಂ.ಎಲ್.ಸಿ.

2000ರಲ್ಲಿ ಈ ದೋಷ 22ನೇ ವರ್ಣತಂತುವಿನಲ್ಲಿದೆ ಎಂದು ಗೊತ್ತಾಯಿತು. 2001ರಲ್ಲಿ ಜೀನ್ ಕೂಡ ಸಿಕ್ಕಿತು. ಅದಕ್ಕೆ ಎಂ.ಎಲ್.ಸಿ.-1 ಎಂದೇ ಹೆಸರಿಟ್ಟರು. ಮಿದುಳಿನ ಆಸ್ಟ್ರೋಸೈಟ್ ಎಂಬ ಕೋಶಗಳಲ್ಲಿ ನೀರು ಮತ್ತು ಲವಣದ ಸಮತೋಲನ ಕಾಯುವ ಪ್ರೋಟೀನನ್ನು ಈ ಜೀನ್ ತಯಾರಿಸುತ್ತದೆ. ಅದು ಕೆಟ್ಟರೆ ನೀರು ಒಳಗೇ ನಿಂತು ಮಿದುಳು ಊದಿಕೊಳ್ಳುತ್ತದೆ. ನಂತರ ಅಗರವಾಲ ಮಕ್ಕಳ ರಕ್ತ ಪರೀಕ್ಷಿಸಿದಾಗ ಬೇರೆ ಬೇರೆ ಊರಿನ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಕುಟುಂಬಗಳಲ್ಲಿ ಒಂದೇ ತಪ್ಪು ಕಂಡಿತು. ಜೀನಿನ ಬರವಣಿಗೆಯಲ್ಲಿ 135ನೇ ಸ್ಥಾನದ ಬಳಿ 'ಸಿ' ಎಂಬ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ಲೆಕ್ಕದ ಪುಸ್ತಕದಲ್ಲಿ ಒಂದು ಅಂಕೆ ಹೆಚ್ಚಿಗೆ ಬರೆದರೆ ಕೆಳಗಿನ ಸಾಲುಗಳ ಮೊತ್ತವೆಲ್ಲ ತಪ್ಪುವಂತೆ, ಆ ಒಂದು ಅಕ್ಷರದಿಂದ ಮುಂದಿನ ಓದೆಲ್ಲ ತಪ್ಪಿಹೋಗುತ್ತದೆ, ಪ್ರೋಟೀನ್ ತಯಾರಾಗುವುದೇ ಇಲ್ಲ.

ಎಲ್ಲರಲ್ಲೂ ಒಂದೇ ತಪ್ಪು ಇರುವುದೆಂದರೆ ಅದು ಒಬ್ಬ ಪೂರ್ವಜರಿಂದ ಬಂದಿದೆ ಎಂದರ್ಥ. ವಿಜ್ಞಾನಿಗಳು ಇದನ್ನು ಸ್ಥಾಪಕ ದೋಷ ಎನ್ನುತ್ತಾರೆ. ನೂರಾರು ವರ್ಷಗಳ ಹಿಂದೆ ಒಬ್ಬರಲ್ಲಿ ಆದ ಬದಲಾವಣೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳಿಗೆ ಹಂಚಿಹೋಗಿ ಇವತ್ತು ದೇಶದ ಮೂಲೆ ಮೂಲೆಯಲ್ಲಿರುವ ಕುಟುಂಬಗಳಲ್ಲಿ ಯಾರಿಗೂ ತಿಳಿಯದೆ ಕುಳಿತಿದೆ. ಅಗರವಾಲರಲ್ಲಿ ವೈಷ್ಣವರೂ ಇದ್ದಾರೆ, ಜೈನರೂ ಇದ್ದಾರೆ. ಇವರ ನಡುವೆ ಹಿಂದಿನಿಂದ ಮದುವೆ ಸಂಬಂಧವೂ ಇದೆ. ಬೆಂಗಳೂರು, ಹುಬ್ಬಳ್ಳಿ ಮುಂತಾದ ಕಡೆ ನೆಲೆಸಿರುವ ಅಗರವಾಲ ಜೈನ ಕುಟುಂಬಗಳು ಈ ವಿಷಯವನ್ನು ಬೇರೆ ಯಾರದೋ ವಿಷಯವೆಂದು ಬಿಡುವಂತಿಲ್ಲ.

ಲೆಕ್ಕ ಹೇಗೆ

ಪ್ರತಿಯೊಬ್ಬರಲ್ಲೂ ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಎಂ.ಎಲ್.ಸಿ.ಯಂಥ ಕಾಯಿಲೆಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ. ಅಂಥವರನ್ನು ವಾಹಕರು ಎನ್ನುತ್ತಾರೆ. ವಾಹಕರಿಗೆ ಕಾಯಿಲೆ ಇಲ್ಲ, ಮುಂದೆ ಬರುವುದೂ ಇಲ್ಲ. ಆಯುಷ್ಯವೂ ಎಲ್ಲರಂತೆಯೇ. ಗಂಡ-ಹೆಂಡತಿ ಇಬ್ಬರೂ ಒಂದೇ ಜೀನಿಗೆ ವಾಹಕರಾಗಿದ್ದರೆ ಮಾತ್ರ ತೊಂದರೆ. ಆಗ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ಎರಡರಲ್ಲಿ ಒಂದು, ಏನೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಮೊದಲ ಮಗುವಿಗೆ ಕಾಯಿಲೆ ಬಂತು, ನಾಲ್ಕರಲ್ಲಿ ಒಂದು ಆಗಿಹೋಯಿತು, ಇನ್ನು ಮೂರು ಮಕ್ಕಳು ಸರಿಯಾಗಿರುತ್ತವೆ ಎಂದು ಹಿರಿಯರು ಧೈರ್ಯ ಹೇಳುವುದುಂಟು. ಇದು ಸರಿಯಲ್ಲ. ಪ್ರತಿ ಬಸುರಿಗೂ ಲೆಕ್ಕ ಹೊಸದಾಗಿ ಶುರು. ಎರಡನೆಯ ಮಗುವಿಗೂ ಅದೇ ನಾಲ್ಕರಲ್ಲಿ ಒಂದು. ಎರಡೂ ಮಕ್ಕಳಿಗೆ ಬಂದ ಮನೆಗಳಿವೆ, ವಾಹಕ ದಂಪತಿಗೆ ಮೂರೂ ಮಕ್ಕಳು ಚೆನ್ನಾಗಿ ಹುಟ್ಟಿ ಯಾರಿಗೂ ಏನೂ ಗೊತ್ತಾಗದೇ ಹೋದ ಮನೆಗಳೂ ಇವೆ.

ಗೋತ್ರ ನೋಡಿದರೆ ಸಾಲದೇ?

ಅಗರವಾಲರಲ್ಲಿ ಸಗೋತ್ರ ವಿವಾಹ ಇಲ್ಲ. ರಕ್ತಸಂಬಂಧದಲ್ಲಿ ಮದುವೆಯಾಗುವ ರೂಢಿಯೂ ಇಲ್ಲ. ಆದರೂ ಈ ಕಾಯಿಲೆ ಬಂದಿತು. ಇದು ಬಹಳ ಮಂದಿಗೆ ಒಗಟಾಗಿ ಕಾಣುತ್ತದೆ. ಗೋತ್ರ ಎಂಬುದು ತಂದೆಯ ತಂದೆ, ಅವರ ತಂದೆ ಎಂದು ಗಂಡು ಸಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಜೀನ್‌ಗಳು ಹಾಗೆ ಒಂದೇ ದಾರಿಯಲ್ಲಿ ಹರಿಯುವುದಿಲ್ಲ. ಅಜ್ಜಿಯ ಕಡೆಯಿಂದ, ಮುತ್ತಜ್ಜಿಯ ಕಡೆಯಿಂದ, ಎಲ್ಲ ಕಡೆಯಿಂದ ಬರುತ್ತವೆ. ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬರಿಗೆ ಸಾವಿರಕ್ಕೂ ಮಿಕ್ಕಿ ಪೂರ್ವಜರ ಸ್ಥಾನಗಳು. ಗೋತ್ರ ಅದರಲ್ಲಿ ಒಬ್ಬರನ್ನು ಮಾತ್ರ ಹೇಳುತ್ತದೆ. ಇಡೀ ಸಮುದಾಯವೇ ಶತಮಾನಗಳಿಂದ ತನ್ನೊಳಗೇ ಕೊಟ್ಟು ತಂದು ಮಾಡುತ್ತಿದ್ದರೆ ಉಳಿದ ದಾರಿಗಳು ಎಲ್ಲೋ ಒಂದು ಕಡೆ ಕೂಡಿಯೇ ಕೂಡುತ್ತವೆ.

ಇದು ಅಗರವಾಲರ ಒಬ್ಬರ ಕಥೆಯಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಡಾ. ಕೆ. ತಂಗರಾಜ್, ಅಮೆರಿಕದ ಹಾರ್ವರ್ಡ್‌ನ ಡೇವಿಡ್ ರೀಚ್ ಮತ್ತು ಜೊತೆಗಾರರು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ 2,800ಕ್ಕೂ ಹೆಚ್ಚು ಜನರ ಜೀನ್ ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. 81 ಸಮುದಾಯಗಳಲ್ಲಿ ಈ ಸ್ಥಾಪಕ ಪ್ರಭಾವ ಯುರೋಪಿನ ಯಹೂದಿಗಳು ಮತ್ತು ಫಿನ್‌ಲೆಂಡ್ ಜನರಿಗಿಂತಲೂ ಬಲವಾಗಿದೆ ಎಂದು ಅದರಲ್ಲಿದೆ. ಅವುಗಳಲ್ಲಿ 14 ಸಮುದಾಯಗಳ ಜನಸಂಖ್ಯೆ ತಲಾ ಹತ್ತು ಲಕ್ಷಕ್ಕೂ ಮೀರಿದ್ದು. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ರಕ್ತ ಬೆರೆತಿದೆ ಎಂದು ಹೇಳಲಾಗದು. ಆರ್ಯವೈಶ್ಯರ ಉದಾಹರಣೆ ನಮ್ಮ ವ್ಯಾಪಾರಿಗಳಿಗೆಲ್ಲ ಗೊತ್ತಿರಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರು ಕೊಡುವ ಒಂದು ಬಗೆಯ ಸ್ನಾಯು ಸಡಿಲಿಸುವ ಔಷಧಿ ಅವರಲ್ಲಿ ಕೆಲವರಿಗೆ ಇಳಿಯುವುದೇ ಇಲ್ಲ, ಗಂಟೆಗಟ್ಟಲೆ ಉಸಿರಾಟ ನಿಲ್ಲುತ್ತದೆ. ಔಷಧಿಯನ್ನು ಕರಗಿಸುವ ಕಿಣ್ವದ ಕೊರತೆ ಆ ಸಮುದಾಯದಲ್ಲಿ ಹೆಚ್ಚು. ತಿಳಿದ ವೈದ್ಯರು ಮೊದಲೇ ಕೇಳಿ ಔಷಧಿ ಬದಲಿಸುತ್ತಾರೆ. ಜಾತಿ ಕೇಳಿದರೆಂದು ಬೇಸರ ಪಡುವಂಥದ್ದೇನೂ ಅಲ್ಲ, ಜೀವ ಉಳಿಯುವ ಮಾತು.

ಇನ್ನು ಕರ್ನಾಟಕದ ಮಾತು. ಇಲ್ಲಿ ಸಮುದಾಯದೊಳಗಿನ ಮದುವೆಯ ಮೇಲೆ ಹತ್ತಿರದ ಸಂಬಂಧದ ಮದುವೆಯೂ ಸೇರುತ್ತದೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮ ರಾಜ್ಯದ ಅನೇಕ ಸಮುದಾಯಗಳಲ್ಲಿ ರೂಢಿ. ಇಲ್ಲಿನ ಜೈನರಲ್ಲಿಯೂ ಹಳೆಯ ತಲೆಮಾರಿನಲ್ಲಿ ಇಂಥ ಮದುವೆಗಳು ಅಪರೂಪವೇನಲ್ಲ. ಆಸ್ತಿ ಹಂಚಿಹೋಗದಿರಲಿ, ಹೆಣ್ಣುಮಗಳು ತಿಳಿದ ಮನೆಯಲ್ಲೇ ಸುಖವಾಗಿರಲಿ ಎಂಬ ಒಳ್ಳೆಯ ಉದ್ದೇಶವೇ ಇದರ ಹಿಂದಿತ್ತು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಡಾ. ರಾಧಾ ರಮಾದೇವಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಪ್ಪಾಜಿ ರಾವ್ ಮುಂತಾದವರು ನವಜಾತ ಶಿಶುಗಳ ರಕ್ತ ಪರೀಕ್ಷೆಯ ದೊಡ್ಡ ಯೋಜನೆಯೊಂದನ್ನು ನಡೆಸಿದರು. ಸುಮಾರು 1.25 ಲಕ್ಷ ಶಿಶುಗಳ ಪರೀಕ್ಷೆ ಆಯಿತು. ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಮಿದುಳಿನ ಬೆಳವಣಿಗೆ ಕೆಡಿಸುವ ಅಮೈನೋ ಆಮ್ಲದ ದೋಷಗಳು ಹಲವು ಮಕ್ಕಳಲ್ಲಿ ಪತ್ತೆಯಾದವು. ಅದೇ ಕಾಲದ ಸಮೀಕ್ಷೆಗಳಲ್ಲಿ ರಾಜ್ಯದ ಈ ಭಾಗದ ಮದುವೆಗಳಲ್ಲಿ ಹತ್ತಕ್ಕೆ ಸುಮಾರು ಮೂರು ರಕ್ತಸಂಬಂಧದವೆಂದು ಕಂಡುಬಂತು.

ಸೋದರಮಾವ-ಸೊಸೆಯರ ನಡುವೆ ನಾಲ್ಕನೇ ಒಂದು ಪಾಲು ಜೀನ್ ಸಮಾನ, ಅತ್ತೆ-ಮಾವನ ಮಕ್ಕಳ ನಡುವೆ ಎಂಟನೇ ಒಂದು ಪಾಲು. ಮನೆಯಲ್ಲಿ ಒಂದು ದೋಷ ಅಡಗಿದ್ದರೆ ಅದು ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಕೂಡುವ ಸಂಭವ ಅಷ್ಟರ ಮಟ್ಟಿಗೆ ಹೆಚ್ಚುತ್ತದೆ. ಹಾಗೆಂದು ಸೋದರಿಕೆಯಲ್ಲಿ ಮದುವೆಯಾದವರ ಮಕ್ಕಳೆಲ್ಲ ಕಾಯಿಲೆಯವರೆಂದಲ್ಲ. ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಈಗಾಗಲೇ ಹಾಗೆ ಮದುವೆಯಾಗಿರುವವರನ್ನು ಹೆದರಿಸುವುದರಿಂದ ಏನೂ ಪ್ರಯೋಜನವಿಲ್ಲ. ಅವರು ಮಗುವಿಗೆ ಮುಂಚೆ ಒಮ್ಮೆ ಜೆನೆಟಿಕ್ ಸಲಹೆ ಪಡೆದರೆ ಸಾಕು.

ತಾಯಿಯ ಮೇಲೆ ತಪ್ಪು ಹೊರಿಸುವುದು

ಮೇಲಿನದೆಲ್ಲ ಓದಿ ಮಕ್ಕಳ ಮಿದುಳಿನ ಪ್ರತಿ ತೊಂದರೆಗೂ ತಂದೆ-ತಾಯಿಯ ವಂಶವೇ ಕಾರಣ ಎಂದು ತೀರ್ಮಾನಿಸಿದರೆ ಅದು ಇನ್ನೊಂದು ತಪ್ಪು. ಬ್ರಿಟನ್ನಿನಲ್ಲಿ ಬೆಳವಣಿಗೆಯ ತೊಂದರೆ ಇರುವ, ಕಾರಣ ಗೊತ್ತಾಗದೆ ಉಳಿದಿದ್ದ 13,000ಕ್ಕೂ ಹೆಚ್ಚು ಮಕ್ಕಳನ್ನು 2011ರಿಂದ 2015ರವರೆಗೆ ಸೇರಿಸಿಕೊಂಡು, ಅವರ ಮತ್ತು ಅವರ ತಂದೆ-ತಾಯಿಯರ ಜೀನ್‌ಗಳನ್ನು ಒಟ್ಟಿಗೆ ಓದಿದರು. 2023ರ ವರದಿಯ ಪ್ರಕಾರ ಸುಮಾರು 5,500 ಮಕ್ಕಳಿಗೆ, ಅಂದರೆ ನೂರಕ್ಕೆ 41 ಮಂದಿಗೆ ಕಾರಣ ಸಿಕ್ಕಿತು. ಕಾರಣ ಸಿಕ್ಕವರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಲ್ಲಿ ಆ ಬದಲಾವಣೆ ತಂದೆಯಲ್ಲೂ ಇರಲಿಲ್ಲ, ತಾಯಿಯಲ್ಲೂ ಇರಲಿಲ್ಲ. ಅದು ಮಗುವಿನಲ್ಲಿ ಹೊಸದಾಗಿ ಆದದ್ದು. ಬರೆಯುವಾಗ ಆಗುವ ಕೈತಪ್ಪಿನ ಹಾಗೆ. ಎಲ್ಲ ಮನುಷ್ಯರಲ್ಲೂ ಇಂಥ ಕೆಲವು ಹೊಸ ಬದಲಾವಣೆಗಳಿರುತ್ತವೆ, ಹೆಚ್ಚಿನವು ಏನೂ ಮಾಡುವುದಿಲ್ಲ. ಮುಖ್ಯವಾದ ಜಾಗದಲ್ಲಿ ಬಿದ್ದರೆ ಮಾತ್ರ ಕಾಯಿಲೆ. ಇವು ತಾಯಿಗಿಂತ ತಂದೆಯ ಕಡೆಯಿಂದ ಹೆಚ್ಚು ಬರುತ್ತವೆ, ತಂದೆಯ ವಯಸ್ಸು ಹೆಚ್ಚಿದಂತೆ ಸ್ವಲ್ಪ ಸ್ವಲ್ಪ ಏರುತ್ತವೆ ಎಂಬುದೂ ಗೊತ್ತಾಗಿದೆ. ನಮ್ಮ ಮನೆಗಳಲ್ಲಿ ಬಸುರಿಯಲ್ಲಿ ಏನು ತಿಂದಳೋ, ಗ್ರಹಣದಲ್ಲಿ ಎಲ್ಲಿ ಓಡಾಡಿದಳೋ ಎಂದು ಸೊಸೆಯನ್ನೇ ಕೇಳುತ್ತಾರೆ. ಈ ವರದಿ ಕನ್ನಡದಲ್ಲಿ ಬಂದು ಅತ್ತೆಯಂದಿರ ಕೈಗೆ ಸಿಗಬೇಕು.

ಹೆಣ್ಣುಮಕ್ಕಳಲ್ಲಿ ಕಾಣುವ ರೆಟ್ ಸಿಂಡ್ರೋಮ್ ಇದಕ್ಕೆ ಒಳ್ಳೆಯ ಉದಾಹರಣೆ. ವಿಯೆನ್ನಾದ ಡಾ. ಆಂದ್ರಿಯಾಸ್ ರೆಟ್ ಅವರು 1966ರಲ್ಲಿ ವಿವರಿಸಿದ ಕಾಯಿಲೆ. ಒಂದೂವರೆ ವರ್ಷದವರೆಗೆ ಸರಿಯಾಗಿ ಬೆಳೆದ ಮಗು ಕಲಿತ ಮಾತು ಮರೆಯುತ್ತದೆ, ಕೈಗಳನ್ನು ತೊಳೆಯುವಂತೆ ಸದಾ ಹೊಸೆಯುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಾ. ಹುದಾ ಜೋಗ್ಬಿ ಅವರ ತಂಡ 1999ರಲ್ಲಿ ಇದರ ಜೀನ್ ಕಂಡುಹಿಡಿಯಿತು. ಹದಿನಾರು ವರ್ಷದ ಹುಡುಕಾಟ ಅದು. ಬಹುತೇಕ ಎಲ್ಲ ರೆಟ್ ಮಕ್ಕಳಲ್ಲಿ ದೋಷ ಹೊಸದಾಗಿ ಆದದ್ದು, ಹಾಗಾಗಿ ಮುಂದಿನ ಮಗುವಿಗೆ ಬರುವ ಸಂಭವ ತೀರಾ ಕಡಿಮೆ. ಒಂದು ಮಗುವಿಗೆ ಹೀಗಾಯಿತೆಂದು ಇನ್ನೊಂದು ಮಗುವೇ ಬೇಡವೆಂದು ಕುಳಿತ ದಂಪತಿಗೆ ಇಷ್ಟು ಗೊತ್ತಾಗುವುದೇ ದೊಡ್ಡ ಸಮಾಧಾನ. ಫ್ರಜೈಲ್ ಎಕ್ಸ್ ಎಂಬುದು ಇದಕ್ಕೆ ವಿರುದ್ಧ. ಅದು ಆರೋಗ್ಯವಾಗಿರುವ ತಾಯಿಯಿಂದ ಗಂಡುಮಕ್ಕಳಿಗೆ ಬಂದು ಬುದ್ಧಿ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಮುಂದಿನ ಮಗುವಿಗೂ ಬರಬಹುದು. ಇದರ ಜೀನ್ 1991ರಲ್ಲೇ ಸಿಕ್ಕಿದೆ. ಹೊರಗಿನಿಂದ ಎರಡೂ 'ಬುದ್ಧಿ ಬೆಳೆಯಲಿಲ್ಲ' ಎಂಬ ಒಂದೇ ಮಾತು. ಒಳಗಿನ ಲೆಕ್ಕ ಬೇರೆ. ಪರೀಕ್ಷೆ ಬೇಕಾಗುವುದು ಇದಕ್ಕೇ.

ಆಟಿಸಂ ಬಗ್ಗೆ ಒಂದು ಮಾತು. ಅದರಲ್ಲಿ ನೂರಾರು ಜೀನ್‌ಗಳ ಪಾತ್ರವಿದೆ. ಮದುವೆಗೆ ಮುಂಚೆ ರಕ್ತ ಪರೀಕ್ಷಿಸಿ ಆಟಿಸಂ ತಡೆಯುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನು ಅದೇ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿದೆ. ವಾಟ್ಸ್ಯಾಪ್‌ನಲ್ಲಿ ಮಾತ್ರ ಅದು ಇನ್ನೂ ಓಡಾಡುತ್ತಿದೆ.

ಯಹೂದಿ ಸಮಾಜ ಕಂಡುಕೊಂಡ ದಾರಿ

ಧರ್ಮಶ್ರದ್ಧೆಯ, ಹಿರಿಯರೇ ಸಂಬಂಧ ನೋಡುವ, ತಮ್ಮೊಳಗೇ ಮದುವೆ ಮಾಡುವ ಸಮುದಾಯವೊಂದು ಈ ಸಮಸ್ಯೆಯನ್ನು ಎದುರಿಸಿದ ಬಗೆ ಜೈನ ಸಮಾಜಕ್ಕೆ ಬಹಳ ಹತ್ತಿರದ್ದು. ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಟೇ-ಸ್ಯಾಕ್ಸ್ ಎಂಬ ಕಾಯಿಲೆ ಇತ್ತು. ಲಂಡನ್ನಿನ ಕಣ್ಣಿನ ವೈದ್ಯ ವಾರೆನ್ ಟೇ 1881ರಲ್ಲಿ, ನ್ಯೂಯಾರ್ಕ್‌ನ ನರತಜ್ಞ ಬರ್ನಾರ್ಡ್ ಸ್ಯಾಕ್ಸ್ 1887ರಲ್ಲಿ ಇದನ್ನು ಗುರುತಿಸಿದರು. ಆರು ತಿಂಗಳವರೆಗೆ ನಗುತ್ತಾ ಬೆಳೆದ ಮಗು ನಂತರ ಕುತ್ತಿಗೆ ನಿಲ್ಲಿಸಲಾರದೆ, ಕಣ್ಣು ಕಾಣದೆ, ನಾಲ್ಕೈದು ವರ್ಷದೊಳಗೆ ಹೋಗಿಬಿಡುತ್ತದೆ. ಔಷಧಿ ಇಲ್ಲ.

ಆ ಸಮುದಾಯದಲ್ಲಿ ಸುಮಾರು 30 ಮಂದಿಗೆ ಒಬ್ಬರು ವಾಹಕರು. 30ನ್ನು 30ರಿಂದ ಗುಣಿಸಿ, ನಾಲ್ಕರಿಂದ ಗುಣಿಸಿದರೆ 3,600. ಅಂದರೆ 3,600 ಹೆರಿಗೆಗೆ ಒಂದು ಮಗು. ಬೇರೆ ಜನರಲ್ಲಿ ವಾಹಕರು ಸುಮಾರು 300ಕ್ಕೆ ಒಬ್ಬರು. ಅದೇ ಲೆಕ್ಕ ಹಾಕಿದರೆ 3,60,000ಕ್ಕೆ ಒಂದು ಮಗು. ವಾಹಕರ ಸಂಖ್ಯೆ ಹತ್ತು ಪಟ್ಟು ಹೆಚ್ಚಾದರೆ ಕಾಯಿಲೆ ನೂರು ಪಟ್ಟು ಹೆಚ್ಚು. ಸಣ್ಣ ಸಮುದಾಯಗಳು ಈ ಒಂದು ಗುಣಾಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1969ರಲ್ಲಿ ಯಾವ ಕಿಣ್ವ ಕಡಿಮೆ ಎಂದು ಗೊತ್ತಾದ ಮೇಲೆ ವಾಹಕರನ್ನು ರಕ್ತದಲ್ಲೇ ಗುರುತಿಸುವುದು ಸಾಧ್ಯವಾಯಿತು. 1971ರಲ್ಲಿ ಡಾ. ಮೈಕೆಲ್ ಕಾಬಾಕ್ ಅವರು ಬಾಲ್ಟಿಮೋರ್-ವಾಷಿಂಗ್ಟನ್ ಪ್ರದೇಶದಲ್ಲಿ ಯಹೂದಿ ಪ್ರಾರ್ಥನಾ ಮಂದಿರದ ಸಭಾಂಗಣದಲ್ಲೇ ಪರೀಕ್ಷಾ ಶಿಬಿರ ನಡೆಸಿದರು. ಧರ್ಮಗುರುಗಳು ಮುಂದೆ ನಿಂತು ಜನರನ್ನು ಕರೆದರು. ಆದರೆ ತೀರಾ ಸಂಪ್ರದಾಯಸ್ಥರ ಕಷ್ಟ ಬೇರೆಯಿತ್ತು. ಮದುವೆಯಾದ ಮೇಲೆ ಇಬ್ಬರೂ ವಾಹಕರೆಂದು ಗೊತ್ತಾದರೆ ಉಳಿಯುವ ದಾರಿ ಗರ್ಭದ ಪರೀಕ್ಷೆ, ಆಮೇಲೆ ಗರ್ಭಪಾತ. ಅದಕ್ಕೆ ಅವರ ಧರ್ಮ ಒಪ್ಪುತ್ತಿರಲಿಲ್ಲ. ಮದುವೆಗೆ ಮುಂಚೆಯೇ ವಾಹಕರೆಂದು ಗೊತ್ತಾದರೆ ಆ ಹುಡುಗಿಯ ತಂಗಿಯರಿಗೂ ಸಂಬಂಧ ಬರುತ್ತಿರಲಿಲ್ಲ.

ಆ ಭಯ ಸುಳ್ಳಲ್ಲ. 1970ರ ದಶಕದಲ್ಲಿ ಗ್ರೀಸ್ ದೇಶದ ಓರ್ಕೋಮೆನೋಸ್ ಎಂಬಲ್ಲಿ ಕುಡಗೋಲು ರಕ್ತಕಣದ ಕಾಯಿಲೆಗಾಗಿ ಜನರನ್ನೆಲ್ಲ ಪರೀಕ್ಷಿಸಿ ಯಾರು ವಾಹಕರೆಂದು ತಿಳಿಸಿದರು. ವಾಹಕರು ಪರಸ್ಪರ ಮದುವೆಯಾಗದಿರಲಿ ಎಂಬುದಷ್ಟೇ ಉದ್ದೇಶ. ಆದದ್ದೇನೆಂದರೆ ವಾಹಕರಿಗೆ ಕಳಂಕ ಅಂಟಿತು, ಅವರು ವಿಷಯವನ್ನೇ ಮುಚ್ಚಿಟ್ಟು ಮದುವೆಯಾಗತೊಡಗಿದರು.

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಧರ್ಮಗುರು ಯೋಸೆಫ್ ಎಕ್‌ಸ್ಟೀನ್ ತಮ್ಮ ನಾಲ್ಕು ಮಕ್ಕಳನ್ನು ಟೇ-ಸ್ಯಾಕ್ಸ್‌ನಿಂದ ಕಳೆದುಕೊಂಡವರು. 1983ರಲ್ಲಿ ಅವರು 'ದೋರ್ ಯೆಶೋರಿಮ್' ಎಂಬ ಸಂಸ್ಥೆ ಕಟ್ಟಿದರು. ಅದರ ಪದ್ಧತಿ ಸರಳ. ಮದುವೆ ವಯಸ್ಸಿಗೆ ಬರುವ ಹುಡುಗ-ಹುಡುಗಿಯರ ರಕ್ತ ಪರೀಕ್ಷಿಸುತ್ತಾರೆ. ಫಲಿತಾಂಶವನ್ನು ಯಾರಿಗೂ ಹೇಳುವುದಿಲ್ಲ, ಪರೀಕ್ಷೆ ಮಾಡಿಸಿಕೊಂಡವರಿಗೂ ಇಲ್ಲ. ಒಂದು ಗುಪ್ತ ಸಂಖ್ಯೆ ಕೊಡುತ್ತಾರೆ. ಸಂಬಂಧದ ಮಾತು ಬಂದಾಗ ಎರಡೂ ಕಡೆಯ ಸಂಖ್ಯೆ ಹೇಳಿ ಫೋನ್ ಮಾಡಿದರೆ 'ಹೊಂದುತ್ತದೆ' ಅಥವಾ 'ಹೊಂದುವುದಿಲ್ಲ' ಎಂಬ ಉತ್ತರ. ಒಬ್ಬರು ಮಾತ್ರ ವಾಹಕರಾಗಿದ್ದರೆ 'ಹೊಂದುತ್ತದೆ' ಎಂದೇ ಉತ್ತರ, ಯಾರು ವಾಹಕರೆಂದು ತಿಳಿಯುವುದೇ ಇಲ್ಲ. ಇಬ್ಬರೂ ವಾಹಕರಾಗಿದ್ದರೆ ಮಾತ್ರ ಬೇಡ ಎನ್ನುತ್ತಾರೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುವ ಮುಂಚೆಯೇ ಕೇಳಬೇಕು ಎಂಬುದು ನಿಯಮ. ನಿಶ್ಚಿತಾರ್ಥ ಆದ ಮೇಲೆ ಕೇಳಿದರೆ ಎರಡು ಮನೆಗೂ ನೋವು. ತನ್ನ ದೇಹದ ವಿಷಯ ತನಗೇ ಹೇಳುವುದಿಲ್ಲವೆಂದರೆ ಹೇಗೆ ಎಂದು ಟೀಕಿಸುವವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೆ ಸಾರ್ವಜನಿಕ ಪರೀಕ್ಷೆ, ಗುಪ್ತ ಪರೀಕ್ಷೆ ಎರಡೂ ಸೇರಿ ಆ ಸಮುದಾಯದಲ್ಲಿ ಟೇ-ಸ್ಯಾಕ್ಸ್ ಮಕ್ಕಳ ಸಂಖ್ಯೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಳಿಯಿತು.

ಅಹಿಂಸೆಯನ್ನು ಮೊದಲ ಅಣುವ್ರತವಾಗಿ ಸ್ವೀಕರಿಸಿದ ಶ್ರಾವಕ-ಶ್ರಾವಿಕೆಯರಿಗೆ ಗರ್ಭದ ಪ್ರಶ್ನೆ ಇನ್ನೂ ಕಠಿಣ. ಮದುವೆಗೆ ಮುಂಚಿನ ಪರೀಕ್ಷೆ ಆ ಪ್ರಶ್ನೆ ಏಳದಂತೆಯೇ ಮಾಡುತ್ತದೆ. ನಮ್ಮ ಸಮಾಜದ ಸಭೆಗಳಲ್ಲಿ ಇದು ಚರ್ಚೆಗೆ ಬರಬೇಕಾದ ಮುಖ್ಯ ಕಾರಣ ಇದೇ. ಎಲ್ಲ ಕರ್ಮಫಲ, ಪರೀಕ್ಷೆಯಿಂದೇನು ಎನ್ನುವವರಿದ್ದಾರೆ. ಕರ್ಮಸಿದ್ಧಾಂತವೇ ಪುರುಷಾರ್ಥಕ್ಕೂ ಜಾಗ ಕೊಟ್ಟಿದೆಯಲ್ಲ. ಜ್ವರ ಬಂದಾಗ ಅವರೂ ವೈದ್ಯರ ಬಳಿ ಹೋಗುತ್ತಾರೆ.

ಇಲ್ಲಿ ಸಿಗುವ ವ್ಯವಸ್ಥೆ

ಮಗುವಿಗೆ ತೊಂದರೆ ಇದ್ದರೆ ಮೊದಲ ಕೆಲಸ ಹೆಸರು ಪತ್ತೆ ಮಾಡುವುದು. ಬೆಂಗಳೂರಿನ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಈ ಕೆಲಸ ನಡೆಯುತ್ತದೆ. ಮನುಷ್ಯನ ಜೀನೋಮ್ ಮೊದಲ ಬಾರಿ ಓದುವ ಯೋಜನೆ 1990ರಿಂದ 2003ರವರೆಗೆ ನಡೆದು ಸುಮಾರು 300 ಕೋಟಿ ಡಾಲರ್ ನುಂಗಿತು. ಇವತ್ತು ಒಬ್ಬರ ಜೀನ್‌ಗಳನ್ನು ಓದಿಸುವ ಎಕ್ಸೋಮ್ ಪರೀಕ್ಷೆ ಮಧ್ಯಮ ವರ್ಗದ ಕೈಗೆಟುಕುವ ಮಟ್ಟಕ್ಕೆ ಇಳಿದಿದೆ. ಮಗುವಿನ ಜೊತೆ ತಂದೆ-ತಾಯಿಯರ ರಕ್ತವನ್ನೂ ಕೊಟ್ಟರೆ ದೋಷ ವಂಶದಿಂದ ಬಂದದ್ದೋ, ಹೊಸದೋ ಎಂಬುದು ಒಟ್ಟಿಗೇ ತಿಳಿಯುತ್ತದೆ. ಎಲ್ಲರಿಗೂ ಉತ್ತರ ಸಿಗುವುದಿಲ್ಲ. ಸಿಗದ ವರದಿಯನ್ನೂ ಎತ್ತಿಡಬೇಕು, ಎರಡು-ಮೂರು ವರ್ಷ ಬಿಟ್ಟು ಅದೇ ಮಾಹಿತಿಯನ್ನು ಮತ್ತೆ ನೋಡಿಸಿದರೆ ಹೊಸದಾಗಿ ಕಂಡುಹಿಡಿದ ಜೀನ್‌ನಲ್ಲಿ ಉತ್ತರ ಸಿಗಬಹುದು. 2024ರಲ್ಲಿ, ಪ್ರೋಟೀನನ್ನೇ ತಯಾರಿಸದ ಆರ್.ಎನ್.ಯು. 4-2 ಎಂಬ ಪುಟ್ಟ ಜೀನ್‌ನಲ್ಲಿ ದೋಷ ಕಂಡು ಪ್ರಪಂಚದ ಎಷ್ಟೋ ಕುಟುಂಬಗಳಿಗೆ ಹಳೆಯ ಮಾಹಿತಿಯಿಂದಲೇ ಉತ್ತರ ಸಿಕ್ಕಿತು.

ಕಾಯಿಲೆಯ ಮಗು ಹುಟ್ಟಿದ ಮನೆಯವರು ಅದು ಬದುಕಿದ್ದಾಗಲೇ ಪರೀಕ್ಷೆ ಮಾಡಿಸುವುದು ಅಗತ್ಯ. ಮಗು ತೀರಿಹೋದ ಮೇಲೆ, ರಕ್ತದ ಮಾದರಿಯೂ ಇಲ್ಲದಿದ್ದರೆ, ಏನಾಗಿತ್ತೆಂದು ಊಹಿಸುವುದು ವೈದ್ಯರಿಗೂ ಕಷ್ಟ. ಮುಂದಿನ ಬಸುರಿಯಲ್ಲಿ ಏನನ್ನು ಹುಡುಕಬೇಕೆಂದೇ ಗೊತ್ತಾಗುವುದಿಲ್ಲ.

ಥಲಸ್ಸೇಮಿಯಾ ವಾಹಕರೇ ಎಂದು ತಿಳಿಯಲು ಸಾಮಾನ್ಯ ರಕ್ತ ಪರೀಕ್ಷೆ ಮತ್ತು ಹಿಮೋಗ್ಲೋಬಿನ್ ಎ-2 ಅಳತೆ ಸಾಕು, ಜೀನ್ ಪರೀಕ್ಷೆ ಬೇಕಿಲ್ಲ. ನಮ್ಮ ದೇಶದಲ್ಲಿ ಸುಮಾರು ನೂರಕ್ಕೆ ಮೂರು-ನಾಲ್ಕು ಮಂದಿ ವಾಹಕರು. ವಧು-ವರ ಸಮಾವೇಶದ ಜೊತೆಗೆ ಈ ಒಂದು ಪರೀಕ್ಷೆಯನ್ನು ಇಡುವುದು ಯಾವ ಸಂಘಕ್ಕೂ ಭಾರವಲ್ಲ.

ಕಾನೂನಿನ ಬಗ್ಗೆ ಗೊಂದಲವಿದೆ. 1994ರ ಪಿ.ಸಿ.ಪಿ.ಎನ್.ಡಿ.ಟಿ. ಕಾಯ್ದೆ ಲಿಂಗ ಪತ್ತೆಯನ್ನು ನಿಷೇಧಿಸಿದೆ, ಆನುವಂಶಿಕ ಕಾಯಿಲೆಯ ಪರೀಕ್ಷೆಯನ್ನಲ್ಲ. ನೋಂದಾಯಿತ ಕೇಂದ್ರಗಳಲ್ಲಿ 11ರಿಂದ 13ನೇ ವಾರದಲ್ಲಿ ಅಥವಾ 16ನೇ ವಾರದ ಸುಮಾರಿಗೆ ಗರ್ಭದ ಮಾದರಿ ಪರೀಕ್ಷಿಸಬಹುದು. ಮುಂದೇನು ಎಂಬ ನಿರ್ಧಾರ ಆ ದಂಪತಿಯದು. ಮಗು ಏನೇ ಆದರೂ ಬೇಕು ಎನ್ನುವವರಿಗೂ ಪರೀಕ್ಷೆಯಿಂದ ಹೆರಿಗೆಯ ಆಸ್ಪತ್ರೆ, ಮೊದಲ ದಿನದ ಚಿಕಿತ್ಸೆ ಸಿದ್ಧಮಾಡಿಕೊಳ್ಳಲು ಅನುಕೂಲ.

ಚಿಕಿತ್ಸೆ

ಹಿಂದೆ ಇಂಥ ಕಾಯಿಲೆಗೆ ಹೆಸರು ಸಿಕ್ಕರೂ ಔಷಧಿ ಸಿಗುತ್ತಿರಲಿಲ್ಲ. ಈಗ ಕೆಲವಕ್ಕೆ ಸಿಗುತ್ತಿದೆ. ಮಕ್ಕಳ ಸ್ನಾಯು ಸೊರಗಿಸುವ ಎಸ್.ಎಂ.ಎ. ಕಾಯಿಲೆಯ ಜೀನ್ 1995ರಲ್ಲಿ ಸಿಕ್ಕಿತು, ಮೊದಲ ಔಷಧಿಗೆ ಅಮೆರಿಕದಲ್ಲಿ 2016ರ ಡಿಸೆಂಬರಿನಲ್ಲಿ ಅನುಮತಿ ಬಂತು. 2019ರಲ್ಲಿ ಬಂದ ಒಂದೇ ಚುಚ್ಚುಮದ್ದಿನ ಜೀನ್ ಚಿಕಿತ್ಸೆಯ ಬೆಲೆ ಹದಿನಾರು ಕೋಟಿ ರೂಪಾಯಿ ಎಂದು ಪತ್ರಿಕೆಗಳಲ್ಲೆಲ್ಲ ಬಂದದ್ದು ಓದುಗರಿಗೆ ನೆನಪಿರಬಹುದು. 2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಒಂದೇ ಒಂದು ಮಗುವಿಗಾಗಿ, ಅದರ ಜೀನ್ ದೋಷವನ್ನೇ ತಿದ್ದುವ ಔಷಧಿಯನ್ನು ಕೆಲವೇ ತಿಂಗಳಲ್ಲಿ ತಯಾರಿಸಿ ಕೊಟ್ಟರು. ಭಾರತ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಗುರುತಿಸಿದ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಸಂಸ್ಥೆ ಸೇರಿ ಆ ಕೇಂದ್ರ. ಹದಿನಾರು ಕೋಟಿಯ ಮುಂದೆ 50 ಲಕ್ಷ ಯಾವ ಮೂಲೆಗೆ ಎನ್ನಿಸುತ್ತದೆ, ಆದರೆ ಎಲ್ಲ ಕಾಯಿಲೆಯ ಔಷಧಿಯೂ ಅಷ್ಟು ದುಬಾರಿಯಲ್ಲ.

ಎಂ.ಎಲ್.ಸಿ.ಗೆ ಇನ್ನೂ ಔಷಧಿ ಇಲ್ಲ. ಬಾರ್ಸಿಲೋನಾದ ಸಂಶೋಧಕರು ಇಲಿಗಳಲ್ಲಿ ಸರಿಯಾದ ಜೀನ್ ಸೇರಿಸಿ ಮಿದುಳಿನ ಊತ ಕಡಿಮೆ ಮಾಡಿದ್ದಾರೆ, ಮಕ್ಕಳವರೆಗೆ ಬರುವುದಕ್ಕೆ ಸಮಯ ಬೇಕು. 2011ರಲ್ಲಿ ಸಿಕ್ಕ ಇನ್ನೊಂದು ಜೀನ್‌ನಿಂದಾಗುವ ಬಗೆಯಲ್ಲಿ ಕೆಲವು ಮಕ್ಕಳು ಬೆಳೆಯುತ್ತಾ ತಾವಾಗಿ ಸುಧಾರಿಸುತ್ತಾರೆ, ಆದ್ದರಿಂದ ಯಾವ ಜೀನ್ ಎಂದು ಪರೀಕ್ಷಿಸದೆ ಮುನ್ಸೂಚನೆ ಹೇಳಬಾರದು. ಅಲ್ಲಿಯವರೆಗೆ ಫಿಟ್ಸ್‌ಗೆ ಮಾತ್ರೆ ತಪ್ಪಿಸದೆ ಕೊಡುವುದು, ಫಿಸಿಯೋಥೆರಪಿ ನಡೆಸುವುದು, ತಲೆಗೆ ಪೆಟ್ಟು ಬೀಳದಂತೆ ಸೈಕಲ್ ಹೆಲ್ಮೆಟ್ ಹಾಕಿಸುವುದು. ಶಾಲೆಯ ಮೇಷ್ಟ್ರಿಗೂ ಇದನ್ನು ಬರೆದು ಕೊಡಬೇಕು.

ದೇಶದ 83 ಜನಸಮುದಾಯಗಳ ಸುಮಾರು 10,000 ಜನರ ಪೂರ್ತಿ ಜೀನೋಮ್ ಓದಿರುವ ಜೀನೋಮ್ ಇಂಡಿಯಾ ಯೋಜನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸಿತು, 2025ರ ಜನವರಿಯಲ್ಲಿ ಅದರ ಮಾಹಿತಿ ಸಂಶೋಧಕರಿಗೆ ಮುಕ್ತವಾಯಿತು. ಈವರೆಗೆ ಪರೀಕ್ಷಾ ವರದಿಗಳನ್ನು ಬಹುಪಾಲು ಯುರೋಪಿನ ಜನರ ಮಾಹಿತಿಗೆ ಹೋಲಿಸಿ ಓದುತ್ತಿದ್ದರು. ನಮ್ಮವರಲ್ಲಿ ಸಹಜವಾಗಿರುವ ಬದಲಾವಣೆಯೂ 'ಅರ್ಥ ತಿಳಿಯದ್ದು' ಎಂದು ವರದಿಯಲ್ಲಿ ಬರುತ್ತಿತ್ತು. ಅಂಥ ಸಾಲು ಇರುವ ಹಳೆಯ ವರದಿ ಮನೆಯಲ್ಲಿದ್ದರೆ ಅದನ್ನು ತೆಗೆದುಕೊಂಡು ಜೆನೆಟಿಕ್ ವೈದ್ಯರನ್ನು ಇನ್ನೊಮ್ಮೆ ಕಾಣಬಹುದು.